ಗುಬ್ಬಿಯ ತೂಕ

೯ ಸೆಪ್ಟೆಂಬರ್ ೨೦೨೪, ಸೋಮವಾರ. ಶಹಾಪುರ

ಪ್ಲಾಸ್ಟರ್ ಹಾಕಿ ಇವತ್ತಿಗೆ ವಾರವಾಯಿತು. ಇನ್ನೂ ಐದು ವಾರ ಬಾಕಿ. ಹದಿನಾರು ವರ್ಷ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದ ಕಂಡಕ್ಟರ್ ಅಯ್ಯಣ್ಣ, ನಿಂತ ಬಸ್ಸಿನಿಂದ ಇಳಿಯುವಾಗ ಜಾರಿ ಎಡಗಾಲು ಮುರಿದುಕೊಂಡ. ಓಡುವಾಗ ಬಿದ್ದಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲಾದರೂ ಒಂದು ಮರ್ಯಾದೆ ಇರುತ್ತಿತ್ತು.

ಸೌಭಾಗ್ಯ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ದೋರನಹಳ್ಳಿಯ ಅಂಗನವಾಡಿಗೆ ಹೋದರೆ ತಿರುಗಿ ಬರುವುದು ಸಂಜೆಗೆ. ಅಲ್ಲಿಯವರೆಗೆ ಮನೆಯಲ್ಲಿ ನಾನು, ಟಿವಿ ಮತ್ತು ಈ ಕಾಲು. ಟಿವಿ ನೋಡಿ ಸಾಕಾಗಿದೆ, ಕಾಲು ನೋಡಿಯೂ ಸಾಕಾಗಿದೆ. ಅದಕ್ಕೇ ಯೂನಿಯನ್‌ನವರು ಕೊಟ್ಟ ಈ ಡೈರಿ ತೆಗೆದಿದ್ದೇನೆ. ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಇವತ್ತಿನ ಸುದ್ದಿ ಒಂದೇ. ನಾಳೆ ನನ್ನ ಹೆಂಡತಿಯ ಅಪ್ಪ ಮಾನಪ್ಪ ಬರುತ್ತಾನೆ. ಮುದುಕ ತಿಂಥಣಿ ಕಡೆಯ ಕುರಿಗಾರ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಎರಡು ಸಲ ನಮ್ಮ ಮನೆಗೆ ಬಂದಿದ್ದಾನೆ, ಎರಡೂ ಸಲ ಬಂದ ದಿನವೇ ಹೋಗಿದ್ದಾನೆ. ನನ್ನ ಕಾಲು ಮುರಿದ ಸುದ್ದಿ ಕೇಳಿ ಬರುತ್ತಿದ್ದಾನೆ ಅಂದುಕೊಂಡೆ. ಅಲ್ಲವಂತೆ. ಅವನ ನಾಯಿಗೆ ಆರಾಮಿಲ್ಲವಂತೆ.

ಮದುವೆಯಲ್ಲಿ ಊಟದ ಪಂಕ್ತಿಯ ನಡುವೆ ಇದೇ ಮುದುಕ ನನ್ನ ನೌಕರಿಯ ಬಗ್ಗೆ ಹೇಳಿದ್ದು ನೆನಪಿದೆ: "ನಡಿಯೋದೂ ಇಲ್ಲ, ಕುಂದ್ರೋದೂ ಇಲ್ಲ, ಅದೆಂಥ ಕೆಲಸ?" ಜನ ನಕ್ಕರು. ನಾನೂ ನಕ್ಕೆ. ಹೊಟ್ಟೆಯಲ್ಲಿ ಮಾತ್ರ ನಗಲಿಲ್ಲ.

೧೦ ಸೆಪ್ಟೆಂಬರ್, ಮಂಗಳವಾರ

ಬಂದ. ಟೆಂಪೊದಿಂದ ಇಳಿದವನು ಹೆಗಲ ಮೇಲಿನ ಕಂಬಳಿ ಬಿಚ್ಚಿದ. ಒಳಗೆ ನಾಯಿ. ಜೋಳದ ಬಣ್ಣದ್ದು, ಸಣ್ಣ ಜಾತಿ, ಹೆಣ್ಣು. ಪಕ್ಕೆಲುಬು ಎಣಿಸಬಹುದು. ಕಿವಿಯ ತುಂಬ ಔಡಲ ಬೀಜದ ಹಾಗೆ ಉಣ್ಣಿಗಳು. ಹೆಸರು ಗುಬ್ಬಿಯಂತೆ.

ನನ್ನ ಪ್ಲಾಸ್ಟರ್ ನೋಡಿದ, "ಹ್ಞೂಂ" ಅಂದ. ಅಷ್ಟೇ ಕುಶಲ ಸಮಾಚಾರ.

ಸೌಭಾಗ್ಯ ಕೇಳಿದ ಮೇಲೆ ಒಂದೊಂದೇ ಮಾತು ಹೊರಬಂತು. ಹದಿನೈದು ದಿನದ ಹಿಂದೆ ಹಿಂಡಿನ ಕುರಿಗಳನ್ನೆಲ್ಲ ಉಣ್ಣಿ ಔಷಧ ಬೆರೆಸಿದ ನೀರಿನಲ್ಲಿ ಅದ್ದಿದ್ದಾರೆ. ವರ್ಷವೂ ಮಾಡುವುದೇ. ಕುರಿ ಮುಗಿದ ಮೇಲೆ ಮುದುಕ ನಾಯಿಯನ್ನೂ ಎತ್ತಿ ಅದೇ ನೀರಿನಲ್ಲಿ ಮುಳುಗಿಸಿದ್ದಾನೆ.

"ಹಿಂಡಿನಾಗ ಇರತೈತಿ, ಹಿಂಡಿನ ಉಣ್ಣಿನೇ ಇದಕ್ಕೂ ಹತ್ತತಾವ. ಔಷಧ ಬ್ಯಾರೆ ಯಾಕಂತ ಅದ್ದಿದೆ. ನಾನೇ ಅದ್ದಿದೆ," ಅಂದ.

ಒಂದು ತಾಸಿನೊಳಗೆ ನಾಯಿ ಜೊಲ್ಲು ಸುರಿಸಿ, ನಡುಗಿ, ನೆಲಕ್ಕೆ ಬಿದ್ದು ಕಾಲು ಬಡಿಯಿತಂತೆ. ಕೊಡಗಟ್ಟಲೆ ನೀರು ಸುರಿದು ತೊಳೆದಿದ್ದಾರೆ. ಜೀವ ಉಳಿಯಿತು, ಜೊತೆಗೆ ಉಣ್ಣಿಗಳೂ ಉಳಿದವು.

ಒಳಗೆ ಹಾಸಿಗೆ ಹಾಸಿದರೆ ಮುದುಕ ಮಲಗಲು ಒಪ್ಪಲಿಲ್ಲ. ಅಂಗಳದಲ್ಲೇ ಕಂಬಳಿ ಹಾಸಿದ. ಅಳಿಯ ಮಾವನನ್ನು ಹೊರಗೆ ಮಲಗಿಸಿದ್ದಾನೆ ಎಂದು ಓಣಿಯೆಲ್ಲ ಮಾತಾಡಲಿ, ಅವನಿಗೇನು.

೧೧ ಸೆಪ್ಟೆಂಬರ್, ಬುಧವಾರ

ಆಟೊದಲ್ಲಿ ದನದ ಡಾಕ್ಟರ ಹತ್ತಿರ ಹೋದೆವು. ನಾನು ಯಾಕೆ ಹೋದೆ ಅಂದರೆ, ಚೀಟಿ ಓದುವವರು ಬೇಕಲ್ಲ. ಡಾಕ್ಟರ್ ರೇವತಿ ವಯಸ್ಸಿನಲ್ಲಿ ಸಣ್ಣವರು, ಮಾತಿನಲ್ಲಿ ಬಿರುಸು.

"ಯಜಮಾನ್ರ, ಕುರಿ ಅಳತಿ ಬ್ಯಾರೆ, ನಾಯಿ ಅಳತಿ ಬ್ಯಾರೆ. ನಾಯಿ ಮೈ ನೆಕ್ಕೋತದ, ಔಷಧ ಎಲ್ಲಾ ಹೊಟ್ಟಿಗೆ ಹೋಗ್ತದ. ಅದರಾಗ ಇದರ ಮೈ ಭಾಳ ನಾಜೂಕು."

ಮುದುಕ ತಲೆ ತಗ್ಗಿಸಿ ಕೇಳಿಸಿಕೊಂಡ. ನಾನು ಕೇಳಿದೆ, ಉಣ್ಣಿಗೆ ಗುಳಿಗೆ ಬರುತ್ತದಂತಲ್ಲ ಎಂದು. ಬರುತ್ತದೆ, ಆದರೆ ಒಮ್ಮೆ ಫಿಟ್ಸ್ ಬಂದ ನಾಯಿಗೆ ಅದು ಬೇಡ ಅಂದರು. ಕುರಿಗೆ ಚುಚ್ಚುವ ಇಂಜೆಕ್ಷನ್? ಕೆಲವು ನಾಯಿಗಳ ತಲೆಗೇ ಏರುತ್ತದೆ, ಅದೂ ಬೇಡ. ಕೊರಳಿಗೆ ಕಟ್ಟುವ ಔಷಧದ ಪಟ್ಟಿ? ಹಿಂಡಿನ ಕುರಿಮರಿಗಳು ಜಗಿಯುತ್ತವೆ. ಕೊನೆಗೆ ಉಳಿದದ್ದು ಹನಿ ಔಷಧ. ಹೆಗಲ ನಡುವೆ, ನಾಲಗೆ ಮುಟ್ಟದ ಕಡೆ, ಕೂದಲು ಸರಿಸಿ ಚರ್ಮದ ಮೇಲೆ ಬಿಡಬೇಕು. ಹತ್ತು ಕಿಲೋ ಒಳಗಿನ ನಾಯಿಗೆ ಸಣ್ಣ ಟ್ಯೂಬು, ಮೇಲಿನದಕ್ಕೆ ಅದರ ಎರಡರಷ್ಟು.

"ಉಣ್ಣಿ ಕಚ್ಚಿ ಜ್ವರ ಬಂದದ, ಮೊದಲು ಅದು ಇಳೀಲಿ, ಐದು ದಿನ ಈ ಔಷಧ ಕೊಡ್ರಿ. ಅಲ್ಲೀತನಕ ಉಣ್ಣಿ ಕೈಲೆ ತಗೀರಿ. ಆಮ್ಯಾಲ ಸರಿಯಾಗಿ ತೂಕ ಮಾಡಿಸಿ ಹನಿ ತೊಗೊರ್ರಿ. ಹೆಚ್ಚಾಗಬಾರದು. ಇನ್ನೊಮ್ಮೆ ಫಿಟ್ಸ್ ಬಂದ್ರ ಇದು ತಡಿಯಂಗಿಲ್ಲ, ಈಗೇ ಹೇಳೀನಿ."

ತಿರುಗಿ ಬರುವಾಗ ಆಟೊದಲ್ಲಿ ಮುದುಕ ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಾ ಕುಳಿತಿದ್ದ.

೧೩ ಸೆಪ್ಟೆಂಬರ್, ಶುಕ್ರವಾರ

ನಮ್ಮ ಓಣಿಯಲ್ಲಿ ಇಷ್ಟು ಜನ ಡಾಕ್ಟರಿದ್ದಾರೆ ಎಂದು ಗೊತ್ತಿರಲಿಲ್ಲ. ಒಬ್ಬ ಸೀಮೆಎಣ್ಣೆ ಹಚ್ಚು ಅಂದ. ಇನ್ನೊಬ್ಬ ಹತ್ತಿಗೆ ಹೊಡೆಯುವ ಎಣ್ಣೆ ಒಂದು ಮುಚ್ಚಳ ಸಾಕು ಅಂದ. ಅವನ ಕೈಯಲ್ಲಿ ಡಬ್ಬಿಯೂ ಇತ್ತು. ಡಬ್ಬಿಯ ಮೇಲಿನ ಬುರುಡೆ ಚಿತ್ರ ತೋರಿಸಿ ಕಳಿಸಿದೆ. ಪಕ್ಕದ ಮನೆಯ ಹಜರಾಬೀ ಮಾತ್ರ ಉಪಯೋಗಕ್ಕೆ ಬಂದರು. ಏನೂ ಹೇಳದೆ ಹುಬ್ಬು ಕೀಳುವ ಚಿಮಟಾ ತಂದುಕೊಟ್ಟರು.

"ಉಗುರಿಲೆ ಹಿಚುಕಬ್ಯಾಡ್ರಿ ಭಾಯಿ, ಬುಡಕ್ಕ ಹಿಡದು ಸೀದಾ ಜಗ್ರಿ," ಅಂದರು.

ಬೇವಿನ ನೆರಳಿನಲ್ಲಿ ನಾನು ಕುರ್ಚಿಯ ಮೇಲೆ, ಮುದುಕ ನೆಲದ ಮೇಲೆ, ನಡುವೆ ನಾಯಿ. ಮುದುಕ ಹಿಡಿಯುವುದು, ನಾನು ಕೀಳುವುದು. ಕಿತ್ತದ್ದನ್ನು ಸಾಬೂನು ನೀರಿನ ಡಬ್ಬಿಗೆ ಹಾಕುವುದು. ಬಲಗಿವಿಯಲ್ಲಿ ಮೂವತ್ತೇಳು. ಎಡಗಿವಿಯಲ್ಲಿ ನಲವತ್ತಕ್ಕಿಂತ ಹೆಚ್ಚು ಸಿಗುತ್ತವೆ ಎಂದು ಮುದುಕ ಹೇಳಿದ, ಇಲ್ಲ ಎಂದು ನಾನು. ನಲವತ್ತೆರಡು ಸಿಕ್ಕವು. ಮುದುಕ ಎಲೆಯಡಿಕೆ ಚೀಲ ಮೊದಲ ಸಲ ನನ್ನ ಕಡೆ ಸರಿಸಿದ.

ಮಧ್ಯಾಹ್ನ ಯಾವಾಗ ಆಯಿತೋ ತಿಳಿಯಲಿಲ್ಲ. ಟಿವಿ ಹಚ್ಚಲು ಮರೆತೆ.

೧೬ ಸೆಪ್ಟೆಂಬರ್, ಸೋಮವಾರ

ಜ್ವರ ಇಳಿದಿದೆ. ಗುಬ್ಬಿ ನಿನ್ನೆ ಒಂದೂವರೆ ರೊಟ್ಟಿ ತಿಂದಿತು.

ಇವತ್ತು ತೂಕದ ಕೆಲಸ. ಡಾಕ್ಟರ ಕಡೆಗೇ ಹೋಗಬಹುದಿತ್ತು. ಆದರೆ ಮನೆಯ ಹಿಂದಿನ ರಸ್ತೆಯಲ್ಲೇ ಗೆಳೆಯ ಮುಜಫರನ ಅಡತ್ ಅಂಗಡಿ ಇದೆ, ತೊಗರಿ, ಹತ್ತಿ ತೂಗುವ ಎಲೆಕ್ಟ್ರಾನಿಕ್ ಕಾಟಾ ಇದೆ. ಮುದುಕ ಬರಲು ಒಪ್ಪಲಿಲ್ಲ. "ಕಾಟಾ ಯಾಕ? ಒಂಬತ್ತರ ಮ್ಯಾಲ ಚೂರು ಐತಿ, ಹತ್ತಿಲ್ಲ," ಅಂದ. ಎತ್ತಿ ನೋಡಿದರೆ ಗೊತ್ತಾಗುತ್ತದಂತೆ. ಔಷಧವನ್ನು ಅಂದಾಜಿನ ಮೇಲೆ ಹಾಕಿಯೇ ಅಲ್ಲವೇ ಇಲ್ಲಿಗೆ ಬಂದದ್ದು ಎಂದು ನಾಲಗೆಯ ತುದಿಗೆ ಬಂದಿತ್ತು. ನುಂಗಿದೆ.

ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೊದಲ್ಲಿ ಹೋದೆ. ಒಂದನ್ನೇ ಕಾಟಾದ ಮೇಲೆ ನಿಲ್ಲಿಸಿದರೆ ನಡುಗಿ ಜಿಗಿಯುತ್ತದೆ. ಅದಕ್ಕೆ ಉಪಾಯ ಮಾಡಿದೆ. ಕಾಟಾದ ಮೇಲೆ ಸ್ಟೂಲು ಇಡಿಸಿದೆ, ಸ್ಟೂಲಿನ ತೂಕ ಸೊನ್ನೆ ಮಾಡಿಸಿದೆ, ನಾಯಿಯನ್ನು ಅಪ್ಪಿಕೊಂಡು ಕುಳಿತೆ. ಎಂಬತ್ತು ಕಿಲೋ ಇನ್ನೂರು ಗ್ರಾಂ. ಜುಲೈನಲ್ಲಿ ಡಿಪೋದ ಆರೋಗ್ಯ ತಪಾಸಣೆಯಲ್ಲಿ ಬರೆದ ನನ್ನ ತೂಕ ಅರವತ್ತೆಂಟು. ಕಳೆದರೆ ಹನ್ನೆರಡು ಕಿಲೋ ಇನ್ನೂರು ಗ್ರಾಂ.

ಮುಜಫರ ಹೇಳಿದ, "ಸ್ಟೂಲು ಸುದ್ದಾ ಕಳದೀರಿ ನೋಡ್ರಿ, ನಮ್ಮ ಗುಮಾಸ್ತಗ ಇಷ್ಟು ಬುದ್ಧಿ ಇಲ್ಲ."

ಔಷಧದ ಅಂಗಡಿಯಲ್ಲಿ ದೊಡ್ಡ ಟ್ಯೂಬು ಕೊಂಡು ಮನೆಗೆ ಬಂದೆ. ಬಹಳ ದಿನದ ಮೇಲೆ ಡ್ಯೂಟಿ ಮಾಡಿ ಬಂದ ಹಾಗಾಯಿತು.

೧೭ ಸೆಪ್ಟೆಂಬರ್, ಮಂಗಳವಾರ

ಜಗಳ.

ಟ್ಯೂಬು ತೆಗೆದೆ, ನಾಯಿ ಹಿಡಿ ಅಂದೆ. ಮುದುಕ ಡಬ್ಬಿ ನೋಡಿ, "ಇದು ಎಷ್ಟು ಕಿಲೋದ್ದು?" ಎಂದು ಕೇಳಿದ. ಹತ್ತರಿಂದ ಇಪ್ಪತ್ತು ಅಂದೆ. ಹಿಡಿಯುವುದಿಲ್ಲ ಅಂದ.

"ಇದು ಹತ್ತಿಲ್ಲ. ನಾ ಹೇಳೀನಿ."

"ಮಿಷನ್ ಹೇಳೇದ್ರಿ ಮಾವ. ನೀವು ಹೇಳಿದ್ದಲ್ಲ, ನಾ ಹೇಳಿದ್ದಲ್ಲ, ಮಿಷನ್ ಹೇಳಿದ್ದು."

"ನಿನ್ನ ಮಿಷನ್ ನಾಯಿ ಸಾಕೇತೇನು?"

ಆಗ ನುಂಗಿದ್ದ ಮಾತು ಹೊರಬಿತ್ತು. "ಕೈ ಅಂದಾಜಿನ ಮ್ಯಾಲೇ ಅಲ್ಲೇನ್ರಿ ನೀವು ಅದನ್ನ ಔಷಧದಾಗ ಮುಳುಗಿಸಿದ್ದು?"

ಮಾವ ಗುಬ್ಬಿಯನ್ನು ಎತ್ತಿಕೊಂಡು ಬೇವಿನ ಗಿಡದ ಕೆಳಗೆ ಹೋಗಿ ನನಗೆ ಬೆನ್ನು ಮಾಡಿ ಕುಳಿತರು. ಸೌಭಾಗ್ಯ ಬಂದು ಊಟಕ್ಕೆ ಕರೆದಾಗಲೂ ಏಳಲಿಲ್ಲ. ಅವಳು ಒಳಗೆ ಬಂದು ನನಗೆ ಬಡಿಸಿದಳು, ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ಊಟ ಒಳಗೆ ಇಳಿಯುತ್ತಿತ್ತು.

ಹೇಳಬಾರದ ಮಾತು ಹೇಳಿದೆ. ಆದರೆ ಲೆಕ್ಕ ನನ್ನದೇ ಸರಿ. ನಾಳೆ ಅವರನ್ನೇ ಕಾಟಾದ ಮೇಲೆ ಕೂಡಿಸಿ ತೋರಿಸುತ್ತೇನೆ.

೧೮ ಸೆಪ್ಟೆಂಬರ್, ಬುಧವಾರ

ಬರೆಯಲು ನಾಚಿಕೆ. ಆದರೂ ಯಾರೂ ಓದುವುದಿಲ್ಲವಲ್ಲ.

ಮುಜಫರನ ಅಂಗಡಿಗೆ ಮೂವರೂ ಹೋದೆವು, ನಾಯಿ ಸೇರಿ. ಮಾವ ಗುಬ್ಬಿಯನ್ನು ಹಿಡಿದು ಸ್ಟೂಲಿನ ಮೇಲೆ ಕುಳಿತರು. ಅರವತ್ತೊಂದು ಕಿಲೋ ನಾನೂರು ಗ್ರಾಂ. ಗುಬ್ಬಿಯನ್ನು ನನ್ನ ಕೈಗೆ ಕೊಟ್ಟು ಒಬ್ಬರೇ ಕುಳಿತರು. ಐವತ್ತೆರಡು. ಅಂದರೆ ನಾಯಿ ಒಂಬತ್ತು ಕಿಲೋ ನಾನೂರು ಗ್ರಾಂ. ಒಂಬತ್ತರ ಮೇಲೆ ಚೂರು.

ಕಾಟಾ ಕೆಟ್ಟಿದೆ ಅಂದೆ. ಮುಜಫರನಿಗೆ ಕೋಪ ಬಂತು, ತೂಕದ ಬಾಟು ಇಟ್ಟು ತೋರಿಸಿದ. ಕಾಟಾ ಕೆಟ್ಟಿರಲಿಲ್ಲ. ಮುದುಕರ ಕೈಯಲ್ಲಿ ಏನೋ ಇದೆ ಎಂದು ಅವನಿಗೆ ಹುಮ್ಮಸ್ಸು ಬಂದು, ತೊಗರಿಯ ಒಂದು ಅರೆಚೀಲ ಎತ್ತಿಸಿ ಎಷ್ಟು ಹೇಳ್ರಿ ಅಂದ. ಮಾವ ಹದಿನೆಂಟು ಅಂದರು. ಇಪ್ಪತ್ತಮೂರು ಇತ್ತು.

"ತಪ್ಪಿತಲ್ರಿ ಯಜಮಾನ್ರ."

"ಜೀವ ಇದ್ದದ್ದು ಹೇಳತೇನಿ. ಜೀವ ಇಲ್ಲದ್ದು ನನಗ ತಿಳಿಯಂಗಿಲ್ಲ," ಅಂದರು ಮಾವ, ಏನೂ ಬೇಸರವಿಲ್ಲದೆ.

ಆಮೇಲೆ ಮುಜಫರ ನನ್ನ ಕಡೆ ತಿರುಗಿ, "ನೀವೂ ಒಬ್ಬರೇ ಕುಂದರ್ರಿ ನೋಡೋಣ," ಅಂದ. ಕುಳಿತೆ. ಎಪ್ಪತ್ತು ಕಿಲೋ ಎಂಟುನೂರು ಗ್ರಾಂ. ಮುಜಫರ ಅಂಕಿ ನೋಡಿದ, ನನ್ನ ಮುಖ ನೋಡಿದ, ಆಮೇಲೆ ನಿಧಾನಕ್ಕೆ ನನ್ನ ಕಾಲು ನೋಡಿದ.

ಸ್ಟೂಲು ಕಳೆದಿದ್ದೆ. ಪ್ಲಾಸ್ಟರ್ ಕಳೆದಿರಲಿಲ್ಲ.

ಎರಡು ವಾರದಿಂದ ಹೊತ್ತು ತಿರುಗುತ್ತಿರುವ, ದಿನವಿಡೀ ಬೈಯುತ್ತಿರುವ ಕಾಲು. ಅದೊಂದು ನೆನಪಿಗೆ ಬರಲಿಲ್ಲ. ಮಾವ ನಿನ್ನೆ ನನ್ನ ಮಾತು ಕೇಳಿದ್ದರೆ ಎರಡರಷ್ಟು ಔಷಧ ಆ ನಾಜೂಕು ಮೈಗೆ ಬಿಡುತ್ತಿದ್ದೆ. ಮುಜಫರ ನಕ್ಕ, ಗುಮಾಸ್ತ ನಕ್ಕ, ಹಮಾಲರು ನಕ್ಕರು. ಮಾವ ನಗಲಿಲ್ಲ. ಆಟೊ ಹತ್ತುವಾಗ ನನ್ನ ರಟ್ಟೆ ಹಿಡಿದು, "ಕಾಲು ನೋಯಾಕತ್ತೈತೇನು?" ಎಂದು ಕೇಳಿದರು. ಬಂದು ಒಂಬತ್ತು ದಿನಕ್ಕೆ ಕೇಳಿದರು.

ಡಬ್ಬಿ ಒಡೆದಿರಲಿಲ್ಲ, ಅಂಗಡಿಯವನು ಸಣ್ಣದು ಬದಲಿಸಿ ಕೊಟ್ಟ. ಸಂಜೆ ಸೌಭಾಗ್ಯ ಎಲ್ಲ ಕೇಳಿಸಿಕೊಂಡಳು. "ಎರಡು ಕಿಲೋ ಪ್ಲಾಸ್ಟರ್ ಇರಬಹುದು. ಮ್ಯಾಲಿನ ಎಂಟುನೂರು ಗ್ರಾಂ ನನ್ನ ರೊಟ್ಟಿ," ಅಂದಳು. ಅವಳು ಮಾತಾಡಿದ್ದೇ ಸಾಕು.

೨೦ ಸೆಪ್ಟೆಂಬರ್, ಶುಕ್ರವಾರ

ಇವತ್ತು ಬೆಳಿಗ್ಗೆ ಹತ್ತಕ್ಕೆ ಹನಿ ಬಿಟ್ಟೆವು. ಬಿಟ್ಟೆವು ಅಂದರೆ ನಾನು ಬಿಟ್ಟೆ.

ಟ್ಯೂಬು ಮಾವನ ಕೈಗೇ ಕೊಡಲು ಹೋಗಿದ್ದೆ. ಕೈ ಹಿಂದಕ್ಕೆ ಎಳೆದುಕೊಂಡರು. "ನನ್ನ ಕೈಲೆ ಔಷಧ ಬ್ಯಾಡ. ಒಮ್ಮೆ ಕೊಟ್ಟು ನೋಡೇನಿ. ಅದು ಕಾಲು ಬಡಿಯೋದು ಇನ್ನೊಮ್ಮೆ ನೋಡಾಕ ನನಗ ಆಗಂಗಿಲ್ಲ." ಗುಬ್ಬಿಯನ್ನು ಹಜರಾಬೀ ಹಿಡಿದುಕೊಂಡರು. ಮಾವ ಗೇಟಿನ ಹತ್ತಿರ ಹೋಗಿ ರಸ್ತೆಯ ಕಡೆ ಮುಖ ಮಾಡಿ ನಿಂತರು. ಡಬ್ಬಿಯ ಮೇಲಿನದನ್ನು ನಾನು ಮೂರು ಸಲ ಓದಿದೆ. ಕೂದಲು ಸರಿಸಿ, ಹೆಗಲ ನಡುವೆ ಎರಡು ಕಡೆ ಬಿಟ್ಟೆ.

ಮೈ ನೆಕ್ಕದ ಹಾಗೆ ಕಾಯಬೇಕಿತ್ತು. ಹನ್ನೊಂದು ಗಂಟೆ. ಹನ್ನೆರಡು. ಮಾವ ಗೇಟು ಬಿಟ್ಟು ಬರಲಿಲ್ಲ, ಅರ್ಧ ತಾಸಿಗೊಮ್ಮೆ ಅಲ್ಲಿಂದಲೇ "ಏನು ಮಾಡಾಕತ್ತೈತಿ?" ಎಂದು ಕೇಳುವರು. "ಕುಂತದ." "ಈಗ?" "ಆಕಳಸಾಕತ್ತದ." "ಈಗ?" "ನನ್ನ ಪ್ಲಾಸ್ಟರ್ ಮೂಸಾಕತ್ತದ." ಮೂರು ಗಂಟೆಗೆ ಗುಬ್ಬಿ ಎದ್ದು, ಮೈ ಕೊಡವಿ, ಗೇಟಿನ ತನಕ ನಡೆದು ಮಾವನ ಪಂಚೆ ಕಚ್ಚಿ ಎಳೆಯಿತು. ಅವರು ಅಲ್ಲೇ ಕುಕ್ಕರಗಾಲಲ್ಲಿ ಕುಳಿತು ರುಮಾಲಿನಿಂದ ಮುಖ ಒರೆಸಿಕೊಂಡರು. ಬಿಸಿಲು ಬಹಳ ಇತ್ತು ಅಂದರು.

೨೧ ಸೆಪ್ಟೆಂಬರ್, ಶನಿವಾರ

ಆರಾಮಿದೆ. ಏನೂ ಆಗಿಲ್ಲ.

೨೫ ಸೆಪ್ಟೆಂಬರ್, ಬುಧವಾರ

ಗುಬ್ಬಿಯ ಕಿವಿಯಲ್ಲಿ ಒಂದೂ ಉಣ್ಣಿ ಇಲ್ಲ. ಅದು ಮಲಗುವ ಕಂಬಳಿಯನ್ನು ಸೌಭಾಗ್ಯ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿದಳು. ಗೋಡೆಯ ಬಿರುಕಿನಲ್ಲೂ ಉಣ್ಣಿ ಅಡಗುತ್ತವಂತೆ, ಮಾವ ಮಣ್ಣು ಕಲಸಿ ಮೆತ್ತಿದರು. ನಾನು ಕುರ್ಚಿಯಲ್ಲಿ ಕುಳಿತು ಎಲ್ಲಿ ಬಿರುಕಿದೆ ಎಂದು ಊರುಗೋಲಿನಿಂದ ತೋರಿಸಿದೆ. ಇದನ್ನೂ ಒಂದು ಕೆಲಸ ಎಂದು ಲೆಕ್ಕಕ್ಕೆ ಹಿಡಿಯಬೇಕು ಅಂದೆ.

"ಹೌದು, ಕುಂತಾದ್ರೂ ಮಾಡಿದಿ," ಅಂದರು ಮಾವ. ನಕ್ಕೆ.

೩ ಅಕ್ಟೋಬರ್, ಗುರುವಾರ

ಮಾವ ಹೋದರು. ಅವರ ಮಗ ದೇವು ಫೋನ್ ಮಾಡಿದ್ದ, ಹಿಂಡನ್ನು ನದಿಯ ದಂಡೆಯ ಹೊಲಗಳ ಕಡೆ ಹೊಡೆಯುವ ಹೊತ್ತಾಗಿದೆಯಂತೆ, ಆ ಕಡೆ ತೋಳದ ಕಾಟ, ರಾತ್ರಿ ಬೊಗಳಿ ಎಬ್ಬಿಸಲು ನಾಯಿ ಬೇಕು.

ಟೆಂಪೊ ಬರುವ ಮುಂಚೆ ಮಾವ ಕೇಳಿದರು, "ತಿಂಗಳಿಗೊಮ್ಮೆ ಅಂತಾರಲ್ಲ ಆ ಹನಿ. ಅಲ್ಲಿ ಯಾರು ಬಿಡೋರು? ದೇವುಗ ಓದಾಕ ಬರಂಗಿಲ್ಲ. ನನ್ನ ಕೈ ಅಂತೂ ಬ್ಯಾಡ."

ನಾನು ಬರುತ್ತೇನೆ ಅಂದೆ. ಬಾಯಿಂದ ಹಾಗೇ ಬಂತು.

ಗುಬ್ಬಿ ಟೆಂಪೊದಲ್ಲಿ ಹಿಂದಕ್ಕೆ ತಿರುಗಿ ನಿಂತಿತ್ತು. ಮನೆಯಲ್ಲಿ ಈಗ ಸದ್ದೇ ಇಲ್ಲ. ಸಂಜೆ ಎರಡು ಸಲ ಅಂಗಳಕ್ಕೆ ಹೋಗಿ ಬಂದೆ. "ಅಪ್ಪನ ಜೋಡಿ ಜಗಳಾಡಾಕ ಸಿಗವಲ್ದು ಅಂತ ಬ್ಯಾಸರೇನ್ರಿ?" ಎಂದು ಸೌಭಾಗ್ಯ ಕೇಳಿದಳು. ಪ್ಲಾಸ್ಟರ್ ತುರಿಸುತ್ತದೆ, ಅದಕ್ಕೆ ಅಂದೆ.

೧೪ ಅಕ್ಟೋಬರ್, ಸೋಮವಾರ

ಪ್ಲಾಸ್ಟರ್ ತೆಗೆದರು. ಕಾಲು ತೆಳ್ಳಗೆ, ಬೇರೆ ಯಾರದೋ ಹಾಗಿದೆ. ಮುಂದಿನ ಸೋಮವಾರ ಮಧ್ಯಾಹ್ನದ ಪಾಳಿಗೆ ಹಾಜರಾಗಬೇಕು. ಔಷಧದ ಅಂಗಡಿಗೆ ಹೋಗಿ ಸಣ್ಣ ಟ್ಯೂಬು ತಂದಿಟ್ಟಿದ್ದೇನೆ.

೨೦ ಅಕ್ಟೋಬರ್, ರವಿವಾರ. ತಿಂಥಣಿ

ಬೆಳಗಿನ ಬಸ್ಸಿಗೆ ಬಂದೆ. ಮಧ್ಯಾಹ್ನದೊಳಗೆ ಹನಿ ಬಿಟ್ಟು ಐದೂವರೆಯ ಬಸ್ಸಿಗೆ ಹೋಗುವುದು ಎಂದು ಲೆಕ್ಕ ಹಾಕಿದ್ದೆ.

ಹಟ್ಟಿಯ ಹತ್ತಿರ ಆರು ಜನ ಕುರಿಗಾರರು ಕುಳಿತಿದ್ದರು, ಒಬ್ಬೊಬ್ಬರ ಪಕ್ಕದಲ್ಲಿ ಒಂದೊಂದು ನಾಯಿ. ಮಾವನೇ ಹೇಳಿ ಕರೆಸಿದ್ದಾರೆ. ಉಣ್ಣಿಯ ವಿಷಯ ತಿಳಿದವನು ಬರುತ್ತಾನೆ ಎಂದು. ಡಾಕ್ಟರಿಗೆ ತೋರಿಸದೆ ಯಾವ ನಾಯಿಗೂ ಔಷಧ ಇಲ್ಲ, ಕುರಿ ಔಷಧವಂತೂ ಮುಟ್ಟಲೇಬೇಡಿ ಎಂದು ಮೊದಲೇ ಹೇಳಿದೆ. ಚೀಟಿ ಬರೆದುಕೊಡುತ್ತೇನೆ, ಸೋಮವಾರ ರೇವತಿ ಡಾಕ್ಟರ ಹತ್ತಿರ ಹೋಗಿ ಅಂದೆ.

ಮಾವ ಒಂದೊಂದೇ ನಾಯಿಯನ್ನು ಎತ್ತಿ ತೂಕ ಹೇಳಿದರು, ನಾನು ಬರೆದುಕೊಂಡೆ. ಕಾಳಿ ಹದಿನೇಳು. ರಾಜಾ ಹದಿನಾಲ್ಕು. ಐದನೆಯದನ್ನು ಎತ್ತಿದವರು ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತರು.

"ಇದು ಹತ್ತರ ಗಡೀಗೆ ಐತಿ. ನನ್ನ ಕೈ ನಂಬಬ್ಯಾಡ್ರಿ, ಇದನ್ನ ಕಾಟಾಕ್ಕ ಹಾಕಿಸ್ರಿ," ಅಂದರು.

ಎಲ್ಲರೂ ಹೋದ ಮೇಲೆ ಗುಬ್ಬಿ ಉಳಿಯಿತು. ಮೈ ತುಂಬಿಕೊಂಡಿದೆ. ಒಂಬತ್ತೂಮುಕ್ಕಾಲು, ಹತ್ತಾಗಿಲ್ಲ, ಎಂದು ಮಾವ ಹೇಳಿದರು. ಗಡಿಗೆ ಇಷ್ಟು ಹತ್ತಿರ ಬಂದಿದೆ ಎಂದು ನಾನು ಬಿಡಲಿಲ್ಲ. ಊರೊಳಗಿನ ಕಿರಾಣಿ ಅಂಗಡಿಯ ಕಾಟಾದಲ್ಲಿ ಮಾವನನ್ನು ಗುಬ್ಬಿಯ ಜೊತೆ ಒಮ್ಮೆ, ಬಿಟ್ಟು ಒಮ್ಮೆ ನಿಲ್ಲಿಸಿ ನೋಡಿದೆ. ಒಂಬತ್ತು ಕಿಲೋ ಏಳುನೂರು ಗ್ರಾಂ. ಸಣ್ಣ ಟ್ಯೂಬೇ ಸರಿ.

ಹಟ್ಟಿಗೆ ತಿರುಗಿ ಬಂದು ಟ್ಯೂಬಿನ ಮೂತಿ ಮುರಿಯಬೇಕು ಅನ್ನುವಷ್ಟರಲ್ಲಿ ಮಾವ, "ತಡಿ. ಮೊದಲು ಓದು," ಅಂದರು.

ಓದಿದೆ. ಎಷ್ಟು ಕಿಲೋದ್ದು, ಎಲ್ಲಿ ಬಿಡುವುದು, ಯಾವ ತಿಂಗಳವರೆಗೆ ನಡೆಯುತ್ತದೆ, ಎಲ್ಲ.

"ಇನ್ನೊಮ್ಮೆ ಓದು."

ಇನ್ನೊಮ್ಮೆ ಓದಿದೆ. ಮಾವ ಪಂಚೆಗೆ ಕೈ ಒರೆಸಿಕೊಂಡರು, ಆ ಕೈಯನ್ನು ನನ್ನ ಮುಂದೆ ಚಾಚಿದರು. ಟ್ಯೂಬು ಕೊಟ್ಟೆ. ನಾನು ಗುಬ್ಬಿಯನ್ನು ಹಿಡಿದುಕೊಂಡೆ. ಹೆಬ್ಬೆರಳಿನಿಂದ ಕೂದಲು ಸರಿಸಿ, ಉಸಿರು ಹಿಡಿದು, ಒಂದೊಂದೇ ಹನಿ ಬಿಟ್ಟರು. ಒಂದು ಹನಿಯೂ ಆಚೆ ಬೀಳಲಿಲ್ಲ.

"ನೀ ಓದಿದಿ, ನಾ ಬಿಟ್ಟೇನಿ," ಅಂದರು. "ಏನರ ಆದ್ರ ಇಬ್ಬರದೂ ತಪ್ಪು."

"ಇಬ್ಬರದೂ ಮಾವ," ಅಂದೆ.

ಏನೂ ಆಗಲಿಲ್ಲ. ಔಷಧ ಆರುವವರೆಗೆ ಗುಬ್ಬಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ಅದಕ್ಕೆ ನಿದ್ದೆ ಬಂತು. ಸ್ವಲ್ಪ ಹೊತ್ತಿಗೆ ಐದೂವರೆಯ ಬಸ್ಸು ದೂರದ ರಸ್ತೆಯಲ್ಲಿ ಬರುವುದು ಕಾಣಿಸಿತು. ಮಾವ ಎದ್ದು, ಓಡಿ ಹೋಗಿ ಕೈಮಾಡಿ ನಿಲ್ಲಿಸಲೇನು ಎಂದು ಕೇಳಿದರು.

"ಮಲಗೇದ, ಬಿಡ್ರಿ," ಅಂದೆ.